ಖಾಲಿ ಕುರ್ಚಿಯ ಬಾಬ್ತು

ಮಾನ್ಯ ಸಮಿತಿಯವರೇ,
ಎರಡನೆಯ ಕಂತು ತಡೆಹಿಡಿದು
ನೀವು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸಿದ
ಏಳನೆಯ ಸಾಲಿಗೆ ಈ ಸಮಜಾಯಿಷಿ.
‘ಮೊದಲ ಐದು ಭೇಟಿಯಲ್ಲಿ ಕೂದಲನ್ನೇ ಕತ್ತರಿಸಿಲ್ಲ,
ಆದರೂ ಕ್ಷೌರಿಕನಿಗೆ ಪೂರ್ತಿ ಕೂಲಿ. ಯಾಕೆ?’
ನೂರು ಪದ ಮೀರಬಾರದು ಎಂದಿದ್ದೀರಿ.
ಮೀರುತ್ತದೆ.

ಹಲ್ ಪಟ್ಟಣ, ಸ್ಪ್ರಿಂಗ್ ಬ್ಯಾಂಕ್ ರಸ್ತೆ,
ಕೆನೆಬಣ್ಣದ ಟೆಲಿಫೋನ್ ಗೂಡು ದಾಟಿದರೆ ಮೂರನೆಯ ಬಾಗಿಲು:
ರೇಬ್ವಾರನ ಅಂಗಡಿ.
ಸೋಮವಾರ ಸಂಜೆ ಐದಕ್ಕೆ ಷಟರ್ ಅರ್ಧ ಇಳಿಸುತ್ತಾನೆ,
ರೇಡಿಯೊ ಬಾಯಿ ಮುಚ್ಚಿಸುತ್ತಾನೆ,
ಕಲೋನ್ ಬಾಟಲಿಯನ್ನು ಕಪಾಟಿನೊಳಗೆ ತಳ್ಳುತ್ತಾನೆ.
ಆಮೇಲೆ ಉಳಿಯುವುದು ಟ್ಯೂಬ್‌ಲೈಟಿನ ಗುಂಯ್.
ಅದು ನನಗೆ ಕೇಳಿಸಿರಲೇ ಇಲ್ಲ
ಫ್ರೇಸರ್ ಎರಡೂ ಕಿವಿ ಮುಚ್ಚಿ
ಮೊಣಕೈಯಿಂದ ಮೇಲೆ ತೋರಿಸುವವರೆಗೆ.
ಹೊಸ ಬಲ್ಬು ಎರಡು, ಹನ್ನೊಂದನೆಯ ಸಾಲು.
ಅದನ್ನು ನೀವು ಪ್ರಶ್ನಿಸಿಲ್ಲ.

ಮೊದಲ ವಾರ ಬಾಗಿಲಲ್ಲೇ ನಿಂತ.
ಎರಡನೆಯ ವಾರ ಕುರ್ಚಿಯ ಪೆಡಲ್ ತುಳಿದ,
ಮೇಲೆ, ಕೆಳಗೆ, ಮತ್ತೆ ಮೇಲೆ,
ನಲವತ್ತು ನಿಮಿಷ, ಕುರ್ಚಿಯಲ್ಲಿ ಯಾರೂ ಇಲ್ಲ.
ಮೂರನೆಯ ವಾರ ರೇಬ್ವಾರ್ ತಾನೇ ಬಟ್ಟೆ ಹೊದ್ದು ಕೂತ,
ಒಂಬತ್ತು ವರ್ಷದ ಹುಡುಗ ಅವನನ್ನು
ಸಾಮಾನಿನ ಲಿಫ್ಟಿನಂತೆ ಏರಿಸಿ ಇಳಿಸಿದ.
ಆ ಸಂಜೆ ಇಬ್ಬರು ಗಿರಾಕಿಗಳು ಷಟರ್ ನೋಡಿ ತಿರುಗಿಹೋದರು.
ತಲೆಗೆ ಹದಿಮೂರು ಪೌಂಡು. ಲೆಕ್ಕ ನೀವೇ ಹಾಕಿ.

ಅವನ ತಾಯಿ ಶೀನಾ ನಾಲ್ಕು ವರ್ಷ
ಮಗ ಮಲಗಿದ ಮೇಲೆ ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು
ಒಂದು ರಾತ್ರಿ ಎಡಗಡೆ, ಮರುರಾತ್ರಿ ಬಲಗಡೆ,
ಕಳ್ಳಿಯ ಹಾಗೆ ಕತ್ತರಿಸಿದವಳು.
ಅವನು ನಿದ್ದೆಯನ್ನೇ ನಂಬದಾದ.
ಇದನ್ನು ಬರೆಯಲು ನಿಮ್ಮ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಇನ್ನೊಂದಕ್ಕೂ ಇರಲಿಲ್ಲ.
ನನ್ನ ತಮ್ಮನ ಚೌಲದ ದಿನ
ಸೋದರಮಾವನ ತೊಡೆ, ನಾಲ್ಕು ಜನರ ಕೈ.
‘ಅಳಲಿ ಬಿಡಿ, ಗಂಟಲು ಬಿಚ್ಚುತ್ತೆ’ ಎಂದು ಎಲ್ಲರೂ ನಕ್ಕರು.
ಏಳು ವರ್ಷದ ನನ್ನ ಪಾಲಿಗೆ ಎಡಗಾಲು.
ಗಟ್ಟಿ ಹಿಡಿದೆನೆಂದು ನನಗೇ ಮೊದಲು ಕೊಬ್ಬರಿಸಕ್ಕರೆ ಕೊಟ್ಟರು.
ಅವನಿಗೆ ಏನಿತ್ತೆಂದು ನಮ್ಮ ಮನೆಯಲ್ಲಿ ಯಾರೂ ಹೆಸರಿಟ್ಟಿಲ್ಲ.
ಆ ಪುಟ್ಟ ಕಾಲಿನ ಒದೆತ ಮಾತ್ರ
ನನ್ನ ಬೆರಳ ಗೆಣ್ಣುಗಳಲ್ಲಿ ಇನ್ನೂ ಇದೆ.
ಸಂಶೋಧನೆಯ ಹಿನ್ನೆಲೆ ಎಂಬ ಭಾಗದಲ್ಲಿ ಇದು ಸಲ್ಲದು, ಗೊತ್ತು.

‘ಮಿದುಳಿನ ಚಿತ್ರ ತೆಗೆಯುವ ಯಂತ್ರಕ್ಕೆ ಕೇಳಿದ್ದರೆ
ಕೇಳಿದಷ್ಟು ಬರುತ್ತಿತ್ತು, ಕತ್ತರಿಗೆ ಯಾರು ಕೊಡುತ್ತಾರೆ’
ಎಂದು ನಮ್ಮ ಗೈಡ್ ಮೇಡಂ ಆಗಲೇ ಅಂದಿದ್ದರು.
ನನಗಾಗಿ ಕೇಳುತ್ತಿಲ್ಲ.
ಶನಿವಾರ ಬೇಕರಿಯಲ್ಲಿ ಟ್ರೇ ಉಜ್ಜುತ್ತೇನೆ, ಬಾಡಿಗೆ ಹೇಗೋ ಸಾಗುತ್ತದೆ.
ಖಾಲಿ ಕುರ್ಚಿಯೂ ಒಂದು ಉಪಕರಣ ಎಂದು ಓದಿಕೊಳ್ಳಿ,
ಅಷ್ಟೇ.

ಆರನೆಯ ವಾರ ಅವನು ತಾನಾಗಿ ಕೂತ.
ಬಲಗಿವಿಯ ಹಿಂದೆ, ಕಚ್.
ಕೈ ಎತ್ತಿದ.
ಕತ್ತರಿ ಗಾಳಿಯಲ್ಲೇ ನಿಂತಿತು,
ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ.
ಕನ್ನಡಿಯಲ್ಲಿ ಅದನ್ನೇ ಬಹಳ ಹೊತ್ತು ನೋಡಿದ.
ಕೈ ಇಳಿಸಿದ. ಕತ್ತರಿ ಹತ್ತಿರ ಬಂತು. ಕೈ ಎತ್ತಿದ.
ಹನ್ನೊಂದು ಸಲ ಎತ್ತಿದ,
ಹನ್ನೊಂದು ಸಲವೂ ನಿಂತಿತು.
ರೇಬ್ವಾರನ ತೋಳು ನಡುಗುತ್ತಿತ್ತು, ಮುಖ ನಡುಗಲಿಲ್ಲ.
ಪೆಡಲಿನ ಬಳಿ ಕೂತಿದ್ದ ಶೀನಾ
ಹನ್ನೊಂದನ್ನೂ ಬೆರಳಲ್ಲಿ ಎಣಿಸಿದಳು.

ಫಲಿತಾಂಶ:
ಒಂದು ಗುಂಗುರು, ಒಂದೂವರೆ ಇಂಚು.
ಉಳಿದ ತಲೆ ಮೊದಲಿದ್ದ ಹಾಗೇ ಇದೆ.

ರಸೀದಿಗಳನ್ನು ಲಗತ್ತಿಸಿದ್ದೇನೆ.
ಗುಂಗುರನ್ನು ಕಳಿಸಲಾಗುತ್ತಿಲ್ಲ,
ಕ್ಷಮಿಸಿ.
ಅದನ್ನು ಅವನು ಜೇಬಿಗೆ ಹಾಕಿಕೊಂಡು ಹೋದ.