ವಾಹನದ ವರ್ಗ

ಆಟೋ ಕಾಂಪ್ಲೆಕ್ಸಿನ ಕೊನೇ ಸಾಲಿನಲ್ಲಿ ಲಿಗೋರಿ
ಪಂಪ್‌ಸೆಟ್ಟಿನ ಎಂಜಿನ್ನಿಗೊಂದು ಮೈ ಕಟ್ಟಿದ:
ಜೀಪಿನ ಆಕ್ಸಲ್ಲು, ಟೆಂಪೋದ ಸ್ಟೇರಿಂಗು,
ಟಾಕೀಸು ಮುಚ್ಚಿದಾಗ ಹರಾಜಿಗೆ ಬಂದ
ಬಾಲ್ಕನಿ ಸೀಟು ಎರಡು, ಕೆಂಪು ರೆಕ್ಸಿನ್ನಿನವು.

ಹುಟ್ಟಿದ್ದಲ್ಲ, ಕೂಡಿಸಿದ್ದು.
ಹದಿನಾರು ವರ್ಷದಿಂದ ಪಾಲಿಟೆಕ್ನಿಕ್ಕಿನಲ್ಲಿ
ನಾನು ಹೇಳಿಕೊಡುವುದೂ ಇದನ್ನೇ:
ವಂಶದ ಹಂಗು ಬೇಡ, ಬೇಕಾದ್ದನ್ನು ಒಳಗಿಟ್ಟುಕೋ,
ಬಂದ ಕೆಲಸ ಅದಕ್ಕೆ ದಾಟಿಸು.
ಬೋರ್ಡಿನ ಮೇಲೆ ಎರಡು ಡಬ್ಬಿ, ನಡುವೆ ಬಾಣ.
ಬಾಣ ಬರೆಯುವುದು ಸುಲಭ.

ಲಿಗೋರಿಗೆ ಬಾಣವೆಂದರೆ ತಂತಿ.
ಆಕ್ಸಿಲರೇಟರಿಗೊಂದು, ಕ್ಲಚ್ಚಿಗೊಂದು,
ಆರಿಸಲು ಸೈಕಲ್ ಬ್ರೇಕಿನದೊಂದು.
ಎಂಜಿನ್ನಿಗೆ ಆಗಲೇ ಗೊತ್ತಿರುವುದನ್ನೆಲ್ಲ
ಗಾಡಿಗೆ ಮತ್ತೆ ಕಲಿಸಬೇಕು, ಎಳೆ ಎಳೆಯಾಗಿ.
ಒಂದು ಮರೆತಿದ್ದ.
ಆಯಿಲ್ ಕಮ್ಮಿಯಾದರೆ ಅದು ಒಳಗೊಳಗೇ ಕೂಗುತ್ತದೆ,
ಸೀಟಿನವರೆಗೆ ಬರುವುದಿಲ್ಲ.

ಆರ್‌ಟಿಓ ಅರ್ಜಿಯಲ್ಲಿ ಮೊದಲ ಕಾಲಂ: ವಾಹನದ ವರ್ಗ.
'ಟ್ರ್ಯಾಕ್ಟರು ಮಾಡೋದೆಲ್ಲ ಮಾಡತ್ತೆ ಸಾರ್.'
'ಮಾಡಬಹುದು ಕಣ್ರೀ. ಟ್ರ್ಯಾಕ್ಟರು ಅಲ್ವಲ್ಲ.'
ಇನ್‌ಸ್ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.
ಜೊತೆಗೆ ಹೋಗಿದ್ದ ನಾನು ಗೋಡೆ ನೋಡುತ್ತಿದ್ದೆ.
ಮಾಡುವುದಕ್ಕೂ ಆಗಿರುವುದಕ್ಕೂ ನಡುವಿನ ಪಾಠ
ಸಿಲಬಸ್ ಮುಗಿಸುವ ಗಡಿಬಿಡಿಯಲ್ಲಿ
ಪ್ರತಿ ವರ್ಷ ಹಾರಿಸುತ್ತೇನೆ.

ನಂಬರಿಲ್ಲದೆಯೇ ಒಂದು ಭಾನುವಾರ
ಕುಂಸಿಯಾಚೆ ಒಳದಾರಿಯಲ್ಲಿ ಚಿರೆಕಲ್ಲು ಹೇರಿಕೊಂಡು ಬಂದ.
ತಿರುವಿನಲ್ಲಿ ಬ್ರೇಕು ಒತ್ತಿದ.
ಒಳಗಿನದಕ್ಕೆ ಬ್ರೇಕು ಅಂದರೇನು ಗೊತ್ತು?
ಭಾರ ಹೆಚ್ಚಿತು, ಅಷ್ಟೇ.
ಬಾವಿ ಆಳಕ್ಕಿಳಿದಿರಬೇಕು ಅಂದುಕೊಂಡಿತು,
ತನ್ನ ಗವರ್ನರನ್ನು ತಾನೇ ಕೇಳಿತು,
ತಾನೇ ಉತ್ತರ ಕೊಟ್ಟುಕೊಂಡಿತು:
ಇನ್ನಷ್ಟು ಡೀಸೆಲ್.
ಹೊರಗೆ ಲಿಗೋರಿ ನಿಲ್ಲು ಎಂದಷ್ಟೂ
ಒಳಗೆ ಹದಿನೈದು ನೂರು ಸುತ್ತು, ವ್ರತದ ಹಾಗೆ.

ಶುಂಠಿ ತೊಳೆಯುವ ಹೊಂಡದಲ್ಲಿ
ಮೂತಿ ಅದ್ದಿ ನಿಂತಿತು ಗಾಡಿ.
ಲಿಗೋರಿಗೆ ಮೊಣಕೈ ತರಚಿತ್ತು. ಎಂಜಿನ್ ಆರಿರಲಿಲ್ಲ.
ನೀರು ಕಂಡ ಮೇಲೆ
ಅದಕ್ಕಿನ್ನೇನು ಬೇಕಿತ್ತು.

ಸೋಮವಾರ ಇದನ್ನೇ ಪಾಠ ಮಾಡಿದೆ.
ಎರಡನೇ ಬೆಂಚಿನ ಕುಮುದಾಬಾಯಿ ಎದ್ದು ನಿಂತಳು:
'ತಾನು ಯಾರ ಒಳಗಿದೀನಿ ಅಂತ
ಅದಕ್ಕೆ ಗೊತ್ತಾಗೋ ಹಂಗೆ ಮಾಡಕ್ಕಾಗಲ್ವಾ ಸಾರ್?'

ಆಗುತ್ತೆ ಎಂದೆ. ಪ್ರತಿ ಸಲ ಕರೆಯುವಾಗಲೂ
ಹೊರಗಿನದು ತನ್ನ ವಿಳಾಸ ಜೊತೆಗಿಟ್ಟು ಕಳಿಸಬೇಕು.
ಏನಾದರೂ ಕೇಳುವುದಿದ್ದರೆ
ನಿನ್ನನ್ನೇ ಕೇಳಿಕೊಳ್ಳಬೇಡ, ನನ್ನನ್ನು ಕೇಳು, ಎಂದು.
ಒಳಗಿನದನ್ನು ಮಾಡಿದವನೂ
ಅಂಥ ವಿಳಾಸಕ್ಕೆ ಮೊದಲೇ ಜಾಗ ಬಿಟ್ಟಿರಬೇಕು.

'ಬಿಟ್ಟಿರದಿದ್ರೆ?'

ಬೆಲ್ಲು ಹೊಡೆಯಿತು. ಡಸ್ಟರು ಇಟ್ಟು
ಹಾಜರಿಗೆ ಸಹಿ ಹಾಕಲು ಹೋದೆ.
ಉಪನ್ಯಾಸಕರದು ಮೇಜಿನ ಮೇಲಿರುತ್ತದೆ.
ನಮ್ಮದು ಬೇರೆ ಪುಸ್ತಕ, ತೆಳ್ಳಗಿನದು, ನೀಲಿ ರಟ್ಟು.
ಮೇಲೆ ಸ್ಕೆಚ್ ಪೆನ್ನಿನಲ್ಲಿ: ಅತಿಥಿ.