ಮಂಗಳವಾರ ಅಂಗಡಿ ರಜ

ಮಂಗಳವಾರ ಚಿಂತಾಮಣಿಯಲ್ಲಿ ಯಾರ ಗಡ್ಡಕ್ಕೂ ನಾನು ಸಿಗುವುದಿಲ್ಲ.
ಬೆಳಕು ಹರಿಯುವ ಹೊತ್ತಿಗೆ ಬತ್ತಿದ ಕೆರೆಯಂಗಳದಲ್ಲಿರುತ್ತೇನೆ.
ಟಿವಿಎಸ್ಸಿನ ಹಿಂದೆ ಟೊಮೆಟೊ ಕ್ರೇಟು,
ಕ್ರೇಟಿನೊಳಗೆ ಅಂಗಡಿಯ ಹಳೇ ಟವೆಲು,
ಟವೆಲಿನೊಳಗೆ ಹೆಲಿಕಾಪ್ಟರು.

ಸ್ಟುಡಿಯೋ ವೆಂಕಟರವಣ ಕೊಟ್ಟದ್ದು,
ಎರಡು ವರ್ಷ ಕಟಿಂಗು ಶೇವಿಂಗು ಬಿಟ್ಟಿ ಎಂಬ ಕರಾರಿಗೆ.
ಅವನೀಗ ಮದುವೆಗಳಿಗೆ ಡ್ರೋನು ಒಯ್ಯುತ್ತಾನೆ.
"ಅದು ಕೈಬಿಟ್ಟರೂ ನಿಂತಲ್ಲೇ ನಿಲ್ಲುತ್ತೆ ಪಿಳ್ಳಣ್ಣ,
ಇದು ಕೈಬಿಟ್ಟರೆ ಕೈ ಕೊಡುತ್ತೆ" ಅಂದ.
ಆ ಮಾತಿಗೇ ಇರಬೇಕು ನಾನು ಒಪ್ಪಿದ್ದು.

ಮೊದಲ ದಿನ ಗೇಣುದ್ದ ಎದ್ದಿತು.
ಎಡಕ್ಕೆ ವಾಲಿತು, ಬಲಕ್ಕೆ ಎಳೆದೆ,
ಗಾಬರಿಯಲ್ಲಿ ಇನ್ನಷ್ಟು ಎಳೆದೆ.
ತನ್ನ ರೆಕ್ಕೆಯಿಂದ ತನ್ನದೇ ಬಾಲ ಕಡಿದುಕೊಂಡು
ಜಾಲಿಗಿಡದ ಬುಡದಲ್ಲಿ ಮಿಡತೆಯ ಹಾಗೆ ಬಿದ್ದಿತ್ತು.
ಕುರಿ ಬಿಟ್ಟುಕೊಂಡು ಬಂದಿದ್ದ ಹನುಮಕ್ಕ
ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.
ಅಲ್ಲಿಂದೀಚೆ ಪ್ರತಿ ಮಂಗಳವಾರ ಅವಳದೊಂದೇ ಪ್ರಶ್ನೆ:
"ಏಮನ್ನಾ, ಮಳ್ಳೀ ಪಡಿಂದಾ?"

ಒಂದು ಜೊತೆ ರೆಕ್ಕೆಗೆ ಇಪ್ಪತ್ತು ಗಡ್ಡ.
ಬಾಲದ ಕೊಳವೆಗೆ ಏಳು ತಲೆ.
ಅಲಮೇಲು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ
ಇದನ್ನೂ ಬರೆಯುತ್ತಾಳೆ. ಬಾಯಲ್ಲಿ ಏನೂ ಹೇಳುವುದಿಲ್ಲ.
ಪೆನ್ನು ಮಾತ್ರ ಒತ್ತಿ ಬರೆಯುತ್ತಾಳೆ.

ಕಾಲಿಗೆ ಅಡ್ಡಡ್ಡ ಎರಡು ಬಿದಿರು ಕಡ್ಡಿ ಕಟ್ಟಿದೆ,
ತುದಿಗಳಿಗೆ ಮಕ್ಕಳ ಪ್ಲಾಸ್ಟಿಕ್ ಚೆಂಡು ನಾಲ್ಕು.
ಹೆಬ್ಬೆರಳು ಕೂದಲೆಳೆಯಷ್ಟು ಸರಿದರೆ ಅದು ಮಾರುದ್ದ ಓಡುತ್ತದೆ,
ಹಿಡಿಯಲು ಹೋದರೆ ಇನ್ನೊಂದು ಮಾರು.
ಮೀಸೆಯ ಅಂಚು ತೆಗೆಯುವಾಗಿನ ಉಸಿರು ಬೇಕು ಇದಕ್ಕೆ.
ಮೂರು ವಾರ ಗಾಳಿ. ಒಂದು ವಾರ ಸಾವಿನ ಮನೆ.
ಅದಾದ ಮೇಲೆ ಒಂದು ಬೆಳಿಗ್ಗೆ ಎದೆಮಟ್ಟಕ್ಕೆ ಎದ್ದು ನಿಂತಿತು,
ಬಾಲ ನನ್ನ ಕಡೆ, ಮೂತಿ ಅಂಬಾಜಿದುರ್ಗದ ಕಡೆ.
ಹದಿನಾಲ್ಕರ ತನಕ ಎಣಿಸಿದೆ.
ನಿಂತಿದೆ ಎಂದು ಕಾಣುವುದಷ್ಟೇ; ಒಳಗೆಲ್ಲ ತಿದ್ದುಪಡಿ.

ಹದಿನೈದಕ್ಕೆ ಗಾಳಿ ಅದರ ಬಾಲ ಹಿಡಿದು ತಿರುಗಿಸಿತು.
ಮೂತಿ ನನ್ನ ಕಡೆ.
ಈಗ ನನ್ನ ಎಡ ಅದರ ಬಲ.
ಅತ್ತ ಹೋಗು ಅಂದರೆ ಇತ್ತ ಬಂತು,
ನನ್ನ ಮೈಮೇಲೇ ಬಂತು, ಕೂತುಬಿಟ್ಟೆ.
ಇಪ್ಪತ್ತು ಗಡ್ಡ.

"ಎದುರಾದಾಗ ಬೀಳುವ ಕಡೆಗೇ ಕೋಲು ಕೊಡು,
ವಾಲಿದ ಗೋಡೆಗೆ ಮರ ಊರೋ ಹಾಗೆ"
ಅಂದ ವೆಂಕಟರವಣ, ಬಿಟ್ಟಿ ಕಟಿಂಗಿಗೆ ಕೂತು.
ಕಿವಿ ಕೇಳಿತು. ಹೆಬ್ಬೆರಳು ಕೇಳಲಿಲ್ಲ.

ಬುಧವಾರ ಬುಡನ್ ಸಾಬರ ಮನೆಗೆ ಹೋಗಿದ್ದೆ.
ಲಕ್ವ ಹೊಡೆದ ಮೇಲೆ ಅವರು ಅಂಗಡಿಗೆ ಬರಲಾರರು.
ಎದುರಿಗೆ ಸ್ಟೂಲು ಹಾಕಿಕೊಂಡು ಗಡ್ಡದ ಅಂಚು ತಿದ್ದುತ್ತೇನೆ.
ಅವರ ತಲೆ ಒಂದು ಕಡೆ ನಿಲ್ಲದು,
ತೊಟ್ಟು ಸಡಿಲಾದ ಸೀಬೆಯ ಹಾಗೆ ತೂಗುತ್ತಿರುತ್ತದೆ.
ಅತ್ತ ಬಿದ್ದರೆ ನನ್ನ ಅಂಗೈ ಅತ್ತಲೇ ಹೋಗುತ್ತದೆ,
ಇತ್ತ ಬಿದ್ದರೆ ಇತ್ತ.
ಅವರ ಬಲವೋ ನನ್ನ ಎಡವೋ,
ಮೂವತ್ತೊಂದು ವರ್ಷದಲ್ಲಿ ಕೈ ನನ್ನನ್ನು ಕೇಳಿಲ್ಲ.
ಕತ್ತರಿ ಗಾಳಿಯಲ್ಲಿ ತಡೆದು ನಿಂತಿತು.
"ಕ್ಯಾ ಹುವಾ ಪಿಳ್ಳಪ್ಪ?" ಅಂದರು ತೊದಲುತ್ತ.
ಏನಿಲ್ಲ ಸಾಬ್, ಅಂದೆ.

ಮತ್ತೆ ಮಂಗಳವಾರ. ನಾನೇ ತಿರುಗಿಸಿದೆ.
ಕೆರೆಯ ಧೂಳು, ಪೌಡರಿನ ಬ್ರಷ್ಷು ಸವರಿದಂತೆ, ಮುಖಕ್ಕೆ.
ಹತ್ತು ಹೆಜ್ಜೆ ದೂರದಲ್ಲಿ ಮುಖಾಮುಖಿ,
ಅದು ತಲೆ ವಾಲಿಸುತ್ತದೆ, ನಾನು ಅಂಗೈ ಕೊಡುತ್ತೇನೆ,
ವಾಲಿಸುತ್ತದೆ, ಕೊಡುತ್ತೇನೆ.
ಎಣಿಸುವುದು ಮರೆತಿದ್ದೆ.

ಹಿಂದೆ ಕುರಿಗಳ ಸದ್ದು.
"ಏಮನ್ನಾ?"

ಬಾಯಿ ತೆಗೆದರೆ ಹೆಬ್ಬೆರಳು ಅಲುಗುತ್ತದೆ ಹನುಮಕ್ಕ,
ಸ್ವಲ್ಪ ತಾಳು.