ಆಟ ತೆಗೆದ ಕೈ

ಬೇರಿಂಗ್ ಸವೆದರೆ ನಾವು ಹೇಳುವುದು:
ಇದರಲ್ಲಿ ಆಟ ಬಂದಿದೆ.
ಕೂದಲೆಳೆಯಷ್ಟು ಅಲುಗಾಟ. ಮೊದಲು ಕಿವಿಗೆ ತಿಳಿಯುತ್ತದೆ,
ಆಮೇಲೆ ಜಾಬ್ ಕೆಡುತ್ತದೆ.
ನನ್ನ ಬಲಗೈ ಮಣಿಕಟ್ಟಿನಲ್ಲಿ
ಅಂಥದೊಂದು ಆಟ
ಇಪ್ಪತ್ತೆಂಟು ವರ್ಷದಿಂದ ಇತ್ತು.

ಸುಂಕದಕಟ್ಟೆ ತಿರುವಿನಲ್ಲಿ ಲೂನಾ ಜಾರಿ
ಅಂಗೈ ಊರಿ ಬಿದ್ದಿದ್ದೆ. ಉಳುಕು ಅಂದುಕೊಂಡು
ಎಣ್ಣೆ ನೀವಿ ಬಟ್ಟೆ ಸುತ್ತಿ
ಸೋಮವಾರ ಪೀಣ್ಯದಲ್ಲಿ ಲೇತ್ ಮುಂದೆ ನಿಂತೆ.
ಗಂಗೂಗೆ ಆಗ ಏಳು ತಿಂಗಳು,
ರಜೆ ಹಾಕುವ ಕಾಲವಲ್ಲ.

ಮೊನ್ನೆ ಮೊನ್ನೆ ಚಕ್ ಕೀ ಕೈಜಾರಿ
ಪಾದದ ಪಕ್ಕ ಬಿತ್ತು.

ಎಕ್ಸ್-ರೇಯನ್ನು ಬೆಳಕಿಗೆ ಸಿಕ್ಕಿಸಿ
ಡಾಕ್ಟರ್ ನಫೀಸಾ ಪೆನ್ನಿನ ತುದಿಯಲ್ಲಿ ತೋರಿಸಿದರು
ಜಲ್ಲಿಯಂಥ ಎಂಟು ಎಲುಬು.
"ಇದು ದೋಣಿ. ಅವತ್ತು ಮುರಿದದ್ದು ಕೂಡಲೇ ಇಲ್ಲ.
ಇದು ಚಂದ್ರ. ದೋಣಿ ಕೈಕೊಟ್ಟ ಮೇಲೆ ವಾಲಿದ್ದಾನೆ."
ಕೈಯೇ ಕೈಕೊಡುವುದು ಅಂದರೆ!
ಬಿದ್ದವನು ನಾನು, ವಾಲಿದವನು ಚಂದ್ರ.

ದೋಣಿ ತೆಗೆದು, ಚಂದ್ರನನ್ನು ನೆಟ್ಟಗೆ ನಿಲ್ಲಿಸಿ
ಪಕ್ಕದ ಮೂವರ ಜೊತೆ ಬೆಸೆಯುವುದಂತೆ.
ನಾಲ್ಕು ಮೂಲೆ ಕೂಡುವಲ್ಲಿ
ಒಂದು ದುಂಡು ಪ್ಲೇಟು, ಎಂಟು ಸ್ಕ್ರೂ.
ಮಾದರಿ ಮೇಜಿನ ಮೇಲಿತ್ತು. ಎತ್ತಿಕೊಂಡೆ.
ಎಂಟಾಣೆಗಿಂತ ಚಿಕ್ಕದು, ತೂಕವೇ ಇಲ್ಲ.
ಅಂಚಿನಲ್ಲಿ ಬರ್ ಉಳಿದಿದೆಯಾ ಅಂತ
ಉಗುರು ಹಾಯಿಸಿದೆ. ಇಲ್ಲ.
ಯಾವನೋ ಮನಸ್ಸಿಟ್ಟು ಮಾಡಿದ್ದ.

"ಮೇಡಂ, ಕೌಂಟರ್‌ಸಿಂಕ್ ಮಾಡ್ತೀರಲ್ಲ?
ತಲೆ ಎದ್ದರೆ ಉಜ್ಜುತ್ತೆ."
ಅವರು ಪೆನ್ನು ಕೆಳಗಿಟ್ಟು
ಮೊದಲ ಸಲ ನನ್ನ ಮುಖ ನೋಡಿದರು.
"ತಗ್ಗು ಕೊರೆದು, ಮಟ್ಟಕ್ಕಿಂತ ಒಳಗೇ ಕೂರಿಸ್ತೀವಿ.
ನಿಮ್ಮದೇ ಕೆಲಸ, ಸ್ವಲ್ಪ ರಕ್ತ ಜಾಸ್ತಿ."
"ಕೈ ಎಷ್ಟು ಬಾಗುತ್ತೆ?"
"ಅರ್ಧ."
"ನೋವು?"
ಅದಕ್ಕೆ ಮಾತ್ರ ಅಳತೆ ಹೇಳಲಿಲ್ಲ.

ತೋಳಿಗಷ್ಟೇ ಮದ್ದು. ಹಸಿರು ಪರದೆಯಾಚೆ
ಯಾರದೋ ಕೈಯನ್ನು ಕೊರೆಯುವ ಸದ್ದು.
ಸ್ಪೀಡು ಹೆಚ್ಚಾಯಿತು ಅನ್ನಿಸಿತು,
ಹೇಳೋಣವೆಂದರೆ ಬಾಯಿ ಒಣಗಿತ್ತು.
ಅಷ್ಟರಲ್ಲಿ ನೀರು ಬಿಟ್ಟ ಸದ್ದು.
ಕೂಲೆಂಟ್.
ಸಮಾಧಾನವಾಗಿ ಕಣ್ಣು ಮುಚ್ಚಿದೆ.

ಆಮೇಲೆ ಕೇಳಿದೆ, ದೋಣಿ ಏನಾಯಿತು?
ಗಟ್ಟಿ ಇದ್ದ ಭಾಗ ಪುಡಿಮಾಡಿ
ಸಂದುಗಳಿಗೆ ತುಂಬಿದರಂತೆ.
ಚೂರೂ ಬಿಸಾಡದ ಅಂಗಡಿ ಅದು,
ನಮ್ಮ ಮಾಲೀಕನಿಗೆ ಹೇಳಬೇಕು.

ಆಯುಧಪೂಜೆಗೆ ಹೋದೆ. ನನ್ನ ಲೇತಿಗೆ
ಮುನಿರಾಜು ಅರಿಶಿನ ಬಳಿದಿದ್ದ, ಚಕ್‌ಗೆ ಸೇವಂತಿಗೆ.
ಕೀ ತಿರುಗಿಸುವುದು ಇನ್ನು ಅವನ ಪಾಲು,
ನನಗೆ ಮೈಕ್ರೋಮೀಟರು.
ಕೈ ಮುಗಿದೆ. ಬಲಗೈ ಹಿಂದಕ್ಕೆ ಬಾಗದೆ
ಅಂಗೈಗಳ ನಡುವೆ ಬುಡದಲ್ಲಿ ಸಂದು ಉಳಿಯಿತು.
ಹುಡುಗ ನಕ್ಕು ಅಲ್ಲಿಗೊಂದು
ನಿಂಬೆಹಣ್ಣು ಸಿಕ್ಕಿಸಿದ.

ಅದನ್ನೇ ಬಲಗೈಗೆ ತೆಗೆದುಕೊಂಡು ಅದುಮಿದೆ.
ಸಿಪ್ಪೆಯ ಘಮ ಬಂತು.
ಕಿವಿ ಹತ್ತಿರ ತಂದು ಕೇಳಿದೆ,
ಹಳೆಯ ಚಾಳಿ.
ಎಲ್ಲೂ ಕಟಕಟ ಇಲ್ಲ.